ಕಾಫಿ, ಕೋಕೋಗಳ ಸಾರವೂ ಕರುಳಿನ ರಕ್ಷಣಾಶಕ್ತಿಯೂ

ಕಾಫಿ, ಚಹ, ಕೋಕೋ ಈ ಮೂರು ಬೆಳೆಗಳಲ್ಲಿಯೂ ಒಂದೇ ಕುಲಕ್ಕೆ ಸೇರಿದ ರಾಸಾಯನಿಕ ದ್ರವ್ಯಗಳಿರುವುವು. ಇವುಗಳಲ್ಲಿ ಕೆಫೀನು ೧೮೧೯ರಲ್ಲಿ ಕಾಫಿ ಬೀಜದಿಂದಲೂ, ಥಿಯೋಬ್ರೋಮೀನು ೧೮೪೧ರಲ್ಲಿ ಕೋಕೋ ಬೀಜದಿಂದಲೂ, ಥಿಯೋಫಿಲೀನು ೧೮೮೮ರಲ್ಲಿ ಚಹದ ಎಲೆಯಿಂದಲೂ ಬೇರ್ಪಡಿಸಲ್ಪಟ್ಟವು. ಅರೇಬಿಕಾ ಬೀಜದಲ್ಲಿ ಕೆಫೀನು ನೂರಕ್ಕೆ ಸುಮಾರು ೧.೨ ಭಾಗವಿರುವುದು, ರೊಬಸ್ಟಾದಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು.

ಕರುಳು ಆಹಾರವನ್ನು ಅರಗಿಸುವ ಅಂಗ ಮಾತ್ರವಲ್ಲ. ಆಹಾರದೊಡನೆ ಒಳಹೊಗುವ ಕ್ರಿಮಿಗಳನ್ನು ತಡೆಯತಕ್ಕ ಕಾವಲೂ ಅಲ್ಲಿಯೇ ಇರುವುದು. ಕರುಳಿನ ಲೋಳೆಯಲ್ಲಿ ಐಜಿಎ ಎಂಬ ಪ್ರತಿಕಾಯವು ಸೇರಿಕೊಂಡು, ಕ್ರಿಮಿಗಳು ಒಳಗೋಡೆಗೆ ಅಂಟದಂತೆ ಮಾಡುವುದು. ಅದಲ್ಲದೆ ಶರೀರದಲ್ಲಿ ಹುಟ್ಟುವ ಅಡಿನೋಸೀನೆಂಬ ವಸ್ತುವು ರಕ್ಷಕ ಜೀವಕಣಗಳ ಮೇಲೆ ಕುಳಿತು, ಉರಿಯೂತವನ್ನು ಹದದಲ್ಲಿಡುವುದು. ಅದು ಕೂರತಕ್ಕ ಸ್ಥಾನವನ್ನು ಕೆಫೀನು ಆಕ್ರಮಿಸಬಲ್ಲುದು. ಆದಕಾರಣ ಈ ದ್ರವ್ಯಗಳು ಕರುಳಿನ ಕಾವಲನ್ನು ಬದಲಾಯಿಸಬಹುದೆಂಬ ಊಹೆಗೆ ಆಧಾರವುಂಟು.

ಸ್ಪೇನ್ ದೇಶದ ಬಾರ್ಸಿಲೋನಾ ವಿಶ್ವವಿದ್ಯಾನಿಲಯದ ಪಂಡಿತರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿ, ೨೦೧೮ರಲ್ಲಿ ಫಲವನ್ನು ಪ್ರಕಟಿಸಿದರು. ಒಂದು ತಂಡಕ್ಕೆ ನೂರಕ್ಕೆ ೧೦ ಭಾಗ ಕೋಕೋ ಬೆರೆತ ಆಹಾರವನ್ನೂ, ಎರಡನೆಯದಕ್ಕೆ ಅಷ್ಟು ಕೋಕೋವಿನಲ್ಲಿರುವಷ್ಟೇ ಥಿಯೋಬ್ರೋಮೀನು ಬೆರೆತ ಆಹಾರವನ್ನೂ, ಮೂರನೆಯದಕ್ಕೆ ಬರಿಯ ಆಹಾರವನ್ನೂ ಕೊಟ್ಟರು. ಮೊದಲಿನ ಎರಡು ತಂಡಗಳಲ್ಲಿಯೂ ಕರುಳಿನ ಐಜಿಎ ತಗ್ಗಿತು. ಕೋಕೋವಿನ ಈ ಗುಣಕ್ಕೆ ಥಿಯೋಬ್ರೋಮೀನೇ ಮುಖ್ಯ ಕಾರಣವೆಂದು ಇದರಿಂದ ತಿಳಿದುಬಂದಿತು.

ಇದು ಲಾಭವೋ ನಷ್ಟವೋ ಎಂಬುದನ್ನು ಅವಸರದಿಂದ ಹೇಳಕೂಡದು. ಆಹಾರದ ಅಲರ್ಜಿಯುಳ್ಳ ಇಲಿಗಳಲ್ಲಿ ಕೋಕೋ ಆ ಬಾಧೆಯನ್ನು ಕುಗ್ಗಿಸಿರುವುದುಂಟು. ಆದರೆ ಕಾವಲು ಅತಿಯಾಗಿ ಸಡಿಲವಾದರೆ ಕ್ರಿಮಿಗಳಿಗೆ ದಾರಿಯಾದೀತು. ಅಲ್ಲದೆ ಆ ಇಲಿಗಳು ದೇಹತೂಕಕ್ಕೆ ತಕ್ಕಂತೆ ತಿಂದ ಪ್ರಮಾಣವು ಮನುಷ್ಯರು ಸೇವಿಸುವುದಕ್ಕಿಂತ ಬಹಳ ಹೆಚ್ಚು. ಇಲಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಆದುದರಿಂದ ಕಾಫಿ, ಕೋಕೋಗಳನ್ನು ರೋಗನಿವಾರಕ ಔಷಧಗಳೆಂದು ಸಾರಿ ಮಾರುವುದು ಬೆಳೆಗಾರರಿಗೆ ಶೋಭಿಸದು. ಬೆಳೆಯ ಮೇಲಣ ನಂಬಿಕೆಯೇ ಅದರಿಂದ ಕೆಡುವುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ೪೦೦ ಮಿಲಿಗ್ರಾಂ, ಗರ್ಭಿಣಿಯರಿಗೆ ೨೦೦ ಮಿಲಿಗ್ರಾಂ ಕೆಫೀನಿನವರೆಗೆ ಅಪಾಯವಿಲ್ಲವೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ೨೦೧೫ರಲ್ಲಿ ನಿರ್ಣಯಿಸಿತು. ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ ಕೋಕೋ ಬೆಳೆಯುವವರು ಇನ್ನೊಂದು ಮಾತನ್ನು ನೆನಪಿಡತಕ್ಕದ್ದು: ಥಿಯೋಬ್ರೋಮೀನು ನಾಯಿಗೆ ವಿಷ. ಕೋಕೋ ಬೀಜವನ್ನೂ ಅದರ ಸಿಪ್ಪೆಯನ್ನೂ ನಾಯಿಗಳಿಗೆ ನಿಲುಕದಂತೆ ಇಡಬೇಕು. ಪಶುವೈದ್ಯರನ್ನು ಕೇಳದೆ ದನಕರುಗಳ ಮೇವಿಗೂ ಅವನ್ನು ಬೆರೆಸಬಾರದು.