ಪಟ್ಟಿಯಲ್ಲಿ ಹೆಸರು

2023ರ ಮೇ 13ರಂದು ರಾಜ್ಯದ ಬಹುತೇಕ ಕ್ಷೇತ್ರಗಳ ಫಲಿತಾಂಶ ಪ್ರಕಟವಾದ ಮೇಲೂ ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ ತೀರ್ಮಾನ ಹೊರಬಿದ್ದಿರಲಿಲ್ಲ. ಎಸ್.ಎಸ್.ಎಂ.ಆರ್.ವಿ. ಕಾಲೇಜಿನಲ್ಲಿ ಮರುಎಣಿಕೆ ನಡೆದು ರಾತ್ರಿ ಬಹಳ ಹೊತ್ತಾಗಿದ್ದಿತು. ಕೊನೆಗೆ ಸಿ.ಕೆ. ರಾಮಮೂರ್ತಿಯವರಿಗೆ 57,797 ಮತಗಳೂ ಸೌಮ್ಯಾ ರೆಡ್ಡಿಯವರಿಗೆ 57,781 ಮತಗಳೂ ದೊರೆತವೆಂದು ಘೋಷಿಸಲಾಯಿತು. ಅಂತರ ಕೇವಲ 16. ಜಯನಗರದ ಯಾವುದೇ ಅಡ್ಡರಸ್ತೆಯ ನಾಲ್ಕೈದು ಮನೆಗಳಲ್ಲಿ ಅಷ್ಟು ಮಂದಿ ಮತದಾರರು ಇದ್ದಾರು.

ಮತಕ್ಕೆ ಇಷ್ಟು ಬೆಲೆ ಬಂದುದು ಈಚೆಗೆ. 1881ರಲ್ಲಿ ಸ್ಥಾಪಿತವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ ನಾಡಿಗೆ ಕೀರ್ತಿ ತಂದ ಸಂಸ್ಥೆಯೇ ಹೌದು. ಆದರೆ ಅದರಲ್ಲಿ ಬಡ ರೈತನಿಗೂ ಕೂಲಿಕಾರನಿಗೂ ಮತವಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 326ನೆಯ ವಿಧಿಯು ಆಸ್ತಿ, ಅಕ್ಷರ, ಜಾತಿ, ಲಿಂಗಗಳೆಂಬ ಭೇದವೆಣಿಸದೆ ವಯಸ್ಕರೆಲ್ಲರಿಗೂ ಆ ಹಕ್ಕನ್ನು ನೀಡಿತು.

ಹಕ್ಕು ಶಾಸನದಲ್ಲಿದ್ದ ಮಾತ್ರಕ್ಕೆ ಕೈಗೆ ದಕ್ಕುವುದಿಲ್ಲ. ಅಮೆರಿಕದಲ್ಲಿ ಕರಿಯ ಪುರುಷರಿಗೆ ಮತದ ಹಕ್ಕನ್ನು ಸಂವಿಧಾನವು 1870ರಲ್ಲಿಯೇ ಮಾನ್ಯ ಮಾಡಿದ್ದಿತು. ಆದರೂ ದಕ್ಷಿಣದ ರಾಜ್ಯಗಳ ಅಧಿಕಾರಿಗಳು ಅಕ್ಷರ ಪರೀಕ್ಷೆ, ತಲೆಗಂದಾಯಗಳ ನೆಪವೊಡ್ಡಿ ಅವರ ಹೆಸರು ಮತದಾರರ ಪಟ್ಟಿಗೆ ಸೇರದಂತೆ ನೋಡಿಕೊಂಡರು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಪಟ್ಟಣದಿಂದ ಸುಮಾರು 600 ಮಂದಿ ಶಾಂತಿಯುತವಾಗಿ ಹೊರಟಾಗ ಪೊಲೀಸರು ಸೇತುವೆಯ ಮೇಲೆ ಅವರನ್ನು ಲಾಠಿಗಳಿಂದ ಹೊಡೆದು ಕೆಡವಿದರು. ಅದೇ ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆ ಬಂದಿತು. ಅದರ ಒಂದು ಮುಖ್ಯ ಭಾಗವನ್ನು 2013ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ನಿಷ್ಫಲಗೊಳಿಸಿತು!

ನಮ್ಮಲ್ಲಿ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧವಾಗುತ್ತಿದ್ದಾಗ, ಬಹುಪಾಲು ಉತ್ತರ ಭಾರತದಲ್ಲಿ, ಅನೇಕ ಸ್ತ್ರೀಯರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ಕೈಬಿಡಬೇಕಾಯಿತು.

ಇಂದಿನ ತೊಡಕು ಬೇರೆ ಬಗೆಯದು. ಜೆ.ಪಿ. ನಗರದಿಂದ ಬನಶಂಕರಿಗೆ, ಅಲ್ಲಿಂದ ಬಿ.ಟಿ.ಎಂ. ಬಡಾವಣೆಗೆ ಬಾಡಿಗೆ ಮನೆ ಬದಲಿಸುವವರ ಹೆಸರು ಹಳೆಯ ವಿಳಾಸದಲ್ಲಿಯೇ ಉಳಿಯುವುದುಂಟು, ಅಳಿಸಿಹೋಗುವುದೂ ಉಂಟು. ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದು ಮತದಾರರ ವಿವರಗಳನ್ನು ಸಂಗ್ರಹಿಸಿದ ಪ್ರಕರಣ 2022ರ ನವೆಂಬರಿನಲ್ಲಿ ಬೆಳಕಿಗೆ ಬಂದಾಗ, ಜಯನಗರಕ್ಕೆ ನೆರೆಯ ಚಿಕ್ಕಪೇಟೆಯೂ ಸೇರಿ ಮೂರು ಕ್ಷೇತ್ರಗಳ ಪಟ್ಟಿಗಳನ್ನು ಮರುಪರಿಶೀಲಿಸುವಂತೆ ಚುನಾವಣಾ ಆಯೋಗವು ಆಜ್ಞೆ ಮಾಡಿತು.

ಹೊಸದಾಗಿ ಹೆಸರು ಸೇರಿಸಲು 6ನೆಯ ನಮೂನೆ, ಮನೆ ಬದಲಿಸಿದವರಿಗೆ 8ನೆಯ ನಮೂನೆ ಇವೆ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವನು ಮತ ಹಾಕಲಾರನು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಯ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲ.