ರಾತ್ರಿ ಹೊತ್ತು ಯಾವ ತೀರ್ಮಾನವೂ ಬೇಡ

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಭಯಕ್ಕೊಂದು ಗೊತ್ತಾದ ಕಾಲವಿದೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ (ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ) ಗೂಡು ಕಟ್ಟಲು ಹಣ್ಣಾಗುವವರೆಗಿನ ಒಂದು ವಾರ ಅದು. ತನ್ನ ಇಡೀ ಆಯುಸ್ಸಿಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಹುಳು ಆ ವಾರದಲ್ಲೇ ತಿಂದು ಮುಗಿಸುತ್ತದೆ. ಅಷ್ಟರಲ್ಲಿ ಗೊಬ್ಬರ, ಸೊಪ್ಪು, ಕೂಲಿ ಅಂತ ಕೈಯಲ್ಲಿದ್ದ ದುಡ್ಡೆಲ್ಲ ಖರ್ಚಾಗಿರುತ್ತದೆ. ರೋಗ ಬಂದರೆ ಎದ್ದು ಕಾಣುವುದೂ ಆಗಲೇ. ನಮ್ಮ ಅತ್ತೆ ಆ ವಾರ ಮಾತೇ ಆಡುತ್ತಿರಲಿಲ್ಲ. 1980ರ ಸುಮಾರಿಗೆ ಊಜಿ ನೊಣ ಮೊದಲ ಸಲ ಕರ್ನಾಟಕಕ್ಕೆ ಕಾಲಿಟ್ಟಾಗ ಮನೆಮನೆಯ ಬೆಳೆ ಹಾಳಾದದ್ದನ್ನು ಅವರು ಕಣ್ಣಾರೆ ಕಂಡವರು.

ನಾನು ಹುಟ್ಟಿದ್ದು ಗೌರಿಬಿದನೂರಿನಲ್ಲಿ. ಕೊಟ್ಟಿದ್ದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಗೆ. ತವರೂ ಅತ್ತೆಮನೆಯೂ ಸಿಎಸ್‌ಐ ಸಭೆಗೆ ಸೇರಿದವು. ಲಂಡನ್ ಮಿಷನ್‌ನ ಕಾಲದಿಂದ ಬಂದ ಕುಟುಂಬಗಳು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಪ್ರಾರ್ಥನೆ ಮಾತ್ರ ಕನ್ನಡದಲ್ಲೇ. ಹೀಗೆ ಹುಟ್ಟಿನಿಂದ ಬಂದ ವಿಶ್ವಾಸವನ್ನು ನಾನಾಗಿ ಆರಿಸಿಕೊಳ್ಳಬೇಕಾದ ದಿನ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಆ ದಿನಗಳು ಬಂದಿದ್ದು 2011ರಲ್ಲಿ. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ರೇಷ್ಮೆ ಅಗ್ಗವಾಗಿ ಬಂದು ಬಿತ್ತು, ಗೂಡಿನ ದರ ನೆಲ ಕಚ್ಚಿತು. ಮಾರುಕಟ್ಟೆಯಲ್ಲಿ ಗೂಡು ಸುರಿದು ನಿಂತರೆ ಹರಾಜು ಕೂಗುವವರ ದನಿಯಲ್ಲೇ ಜೀವ ಇರಲಿಲ್ಲ. ನಮ್ಮ ಕೊಳವೆಬಾವಿ ಅದೇ ಬೇಸಿಗೆಯಲ್ಲಿ ಬತ್ತಿತು. ಬಡ್ಡಿಗೆ ತಂದು ಹೊಸದು ಕೊರೆಸಿದೆವು. ಸಾವಿರ ಅಡಿ ದಾಟಿದರೂ ಮೇಲೆ ಬಂದದ್ದು ಬರೀ ಬಿಳಿ ಕಲ್ಲುಪುಡಿ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಕಾಲು ಊದಿಕೊಂಡಾಗ ತೋರಿಸಿದರೆ ಕಿಡ್ನಿಗೆ ತಗುಲಿದೆ ಅಂದರು.

ಅದರ ಮೇಲೆ ಹಾಲುತೊಂಡೆ. ರೇಷ್ಮೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ರೋಗ ತಗುಲಿದ ಹುಳು ಸೊಪ್ಪು ತಿನ್ನದೆ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಸುತ್ತುತ್ತದೆ. ಮೈ ಉಬ್ಬಿ ಹೊಳೆಯುತ್ತದೆ, ಗೆಣ್ಣುಗಳು ಎದ್ದು ಕಾಣುತ್ತವೆ. ಬೆರಳು ತಾಗಿದರೆ ಚರ್ಮ ಹರಿದು ಹಾಲಿನಂಥ ನೀರು ಸುರಿಯುತ್ತದೆ. ಆ ನೀರು ಬಿದ್ದ ಸೊಪ್ಪನ್ನು ತಿಂದ ಹುಳುವಿಗೂ ಅದೇ ಗತಿ. ಒಮ್ಮೆ ಬಂದರೆ ಇದಕ್ಕೆ ಔಷಧಿಯಿಲ್ಲ. ಬೆಳೆ ಇಡುವ ಮೊದಲೇ ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಸುಣ್ಣ ಹಾಕಿ ಶುದ್ಧ ಮಾಡಿಟ್ಟಿದ್ದರೆ ತಡೆದುಕೊಳ್ಳಬಹುದು, ಅಷ್ಟೇ. ನಾವು ಅದೆಲ್ಲ ಮಾಡಿದ್ದೆವು; ಆದರೂ ಬಂತು. ತಟ್ಟೆಗಟ್ಟಲೆ ಹುಳುವನ್ನು ಗುಂಡಿಗೆ ಸುರಿದು, ಸುಣ್ಣ ಹಾಕಿ ಮುಚ್ಚಿದ್ದು ನಾನೇ. ಯಜಮಾನರಿಗೆ ಬಗ್ಗಲು ಆಗುತ್ತಿರಲಿಲ್ಲ.

ಆ ರಾತ್ರಿಗಳಲ್ಲಿ ದೇವರು ಇದ್ದಾನೋ ಇಲ್ಲವೋ ಎಂಬ ದೊಡ್ಡ ಪ್ರಶ್ನೆಯೇನೂ ನನಗೆ ಏಳಲಿಲ್ಲ. ಇದ್ದಾನೆ, ಆದರೆ ನಮ್ಮ ಕಡೆ ನೋಡುತ್ತಿಲ್ಲ ಅನ್ನಿಸುತ್ತಿತ್ತು. ಅದು ಇನ್ನೂ ಕೆಟ್ಟದು. ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿ, ಮನೆಯಲ್ಲಿ ಅರಿಕೆ ಮಾಡದ ಪಾಪ ಏನೋ ಇರಬೇಕು, ಕಾಣಿಕೆ ಹೆಚ್ಚಿಸಿ ನೋಡಿ ಅಂದರು. ಸಾಲದಲ್ಲಿ ಮುಳುಗಿದವರ ಬಾಗಿಲಲ್ಲಿ ನಿಂತು ಹೀಗೆ ಹೇಳುವುದನ್ನು ನಾನು ಇವತ್ತಿಗೂ ಕ್ರಿಸ್ತನ ಮಾತು ಎಂದು ಒಪ್ಪುವುದಿಲ್ಲ. ಯೋಬನ ಗೆಳೆಯರು ಯೋಬನಿಗೆ ಹೇಳಿದ್ದೂ ಇದನ್ನೇ. ಆ ಪುಸ್ತಕದ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಆ ಗೆಳೆಯರ ಮೇಲೆಯೇ.

ನಮ್ಮ ಸಭೆಯ ಅಯ್ಯನವರು ಬಂದಾಗ ಮಾತ್ರ ಏನನ್ನೂ ವಿವರಿಸಲು ಹೋಗಲಿಲ್ಲ. ಹುಳುಮನೆಯ ಖಾಲಿ ತಟ್ಟೆಗಳನ್ನು ನೋಡಿ, ಅಲ್ಲೇ ಗೋಣಿಚೀಲದ ಮೇಲೆ ಕೂತರು. ನಾನು ಹೇಳಿದೆ, "ಅಯ್ಯನವರೇ, ನನಗೆ ಪ್ರಾರ್ಥನೆ ಮಾಡೋಕೆ ಬಾಯಿ ಬರ್ತಿಲ್ಲ. ನಂಬಿಕೇನೇ ಹೋಗಿಬಿಟ್ಟಿದೆ." ಅವರು, "ಹೋಗಿದ್ದರೆ ಈ ಮಾತು ನನ್ನ ಹತ್ರ ಯಾಕೆ ಹೇಳ್ತಿದ್ರಮ್ಮಾ?" ಅಂದರು. ಆಮೇಲೆ ಮಾರ್ಕನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆದರು. ಮೂರ್ಛೆ ಬೀಳುವ ಮಗನನ್ನು ಕರೆತಂದ ತಂದೆ ಅಲ್ಲಿ ತನಗೆ ನಂಬಿಕೆ ಇದೆ ಅಂತಲೂ ಹೇಳುತ್ತಾನೆ, ತನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಬೇಡುತ್ತಾನೆ, ಒಂದೇ ಉಸಿರಿನಲ್ಲಿ. ಯೇಸು ಅವನನ್ನು ಗದರಿಸಿ ಕಳಿಸಲಿಲ್ಲ, ಮಗನನ್ನು ಎಬ್ಬಿಸಿ ನಿಲ್ಲಿಸಿದ. ಹಬಕ್ಕೂಕನ ಪುಸ್ತಕವನ್ನೂ ಓದಲು ಹೇಳಿ ಹೋದರು. ಅಂಜೂರ ಚಿಗುರದೆ, ಹೊಲ ಬೆಳೆಯದೆ, ಕೊಟ್ಟಿಗೆಯಲ್ಲಿ ದನವಿಲ್ಲದೆ ಹೋದರೂ ದೇವರಲ್ಲಿ ಸಂತೋಷಪಡುತ್ತೇನೆ ಎನ್ನುವ ಆ ಪ್ರವಾದಿ, ಅದೇ ಪುಸ್ತಕದ ಮೊದಲಲ್ಲಿ ದೇವರೊಂದಿಗೆ ಜಗಳಕ್ಕೇ ನಿಂತವನು. ಇದನ್ನು ಓದಿದ ಮೇಲೆ ನನ್ನ ಸಂಶಯದ ಬಗ್ಗೆ ನನಗಿದ್ದ ನಾಚಿಕೆ ಹೋಯಿತು. ಸಂಶಯ ಹೋಗಲಿಲ್ಲ.

ವಿಶ್ವಾಸ ಒಳಗಿನಿಂದ ಉಕ್ಕಿ ಬರಲಿ ಎಂದು ಕಾಯುವುದನ್ನು ಅಲ್ಲಿಗೆ ಬಿಟ್ಟೆ. ಬೆಳಗಿನ ಜಾವ ಮೊದಲ ಸೊಪ್ಪು ಹಾಕಲು ಏಳುವುದಂತೂ ಇದ್ದೇ ಇತ್ತು. ಆ ಹೊತ್ತಿಗೆ ಒಂದು ಕೀರ್ತನೆ ಓದಿಯೇ ತಟ್ಟೆ ಮುಟ್ಟುವುದು ಅಂತ ಮಾಡಿಕೊಂಡೆ. ಮನಸ್ಸು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹುಳು ತರುವ ಮೊದಲು ಮನೆ ಶುದ್ಧ ಮಾಡಿಡುತ್ತೇವಲ್ಲ, ಹಾಗೆ. ರೋಗ ಬರುವುದೇ ಇಲ್ಲ ಎಂಬ ಭರವಸೆ ಅದರಲ್ಲಿಲ್ಲ, ಆದರೂ ತಿಳಿದ ರೈತ ಯಾರೂ ಅದನ್ನು ಬಿಡುವುದಿಲ್ಲ.

ಇನ್ನೊಂದು, ರಾತ್ರಿ ಹೊತ್ತು ಯಾವ ತೀರ್ಮಾನವನ್ನೂ ಮಾಡಬಾರದು ಎಂದು ನಾನೂ ಯಜಮಾನರೂ ಮಾತಾಡಿಕೊಂಡೆವು. ಜಮೀನು ಮಾರಿಬಿಡೋಣ, ಮಗಳ ಓದು ಬಿಡಿಸೋಣ, ಇನ್ನೊಂದು ಬೋರ್ ಹಾಕಿಸೋಣ, ಎಲ್ಲ ಬಿಟ್ಟು ಬೆಂಗಳೂರು ಸೇರೋಣ — ಎಲ್ಲವೂ ಹೊಳೆಯುತ್ತಿದ್ದದ್ದು ರಾತ್ರಿಯೇ. ಬೆಳಗ್ಗೆ ಪ್ರಾರ್ಥನೆ ಮುಗಿಸಿ ಮತ್ತೆ ಅದೇ ಮಾತು ಎತ್ತಿದರೆ ಅರ್ಧಕ್ಕರ್ಧ ತಾವಾಗಿಯೇ ಬಿದ್ದುಹೋಗುತ್ತಿದ್ದವು. ಆರು ತಿಂಗಳ ಮೇಲೆ ಒಂದು ತುಂಡು ಜಮೀನನ್ನು ಮಾರಿದ್ದು ನಿಜ. ಅದು ಹಗಲಲ್ಲಿ, ಲೆಕ್ಕ ಹಾಕಿ ಮಾರಿದ್ದು.

ಎಲ್ಲಕ್ಕಿಂತ ಕಷ್ಟವಾಗಿದ್ದು ಸಾಲದ ಮೊತ್ತವನ್ನು ಬಾಯಿಬಿಟ್ಟು ಹೇಳುವುದು. ಹೆಂಗಸರ ಪ್ರಾರ್ಥನಾ ಕೂಟದಲ್ಲಿ ನಮ್ಮ ಮನೆಗಾಗಿ ಪ್ರಾರ್ಥಿಸಿ ಅನ್ನುವುದು ಸುಲಭ; ಎಷ್ಟು ಸಾಲ, ಯಾರ ಹತ್ತಿರ, ಬಡ್ಡಿ ಎಷ್ಟು ಅನ್ನುವುದು ಪ್ರಾಣ ಹಿಂಡುತ್ತದೆ. ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ತಮ್ಮ ಮನೆಯದನ್ನು ಹೇಳಿದರು, ಇನ್ನೊಬ್ಬರು ತಮ್ಮದನ್ನು. ಎಲ್ಲರೂ ಬಡವರೇ, ಸಾಲ ತೀರಿಸುವ ಶಕ್ತಿ ಯಾರಿಗೂ ಇರಲಿಲ್ಲ. ಆದರೆ ಆಸ್ಪತ್ರೆಗೆ ಹೋದ ದಿನ ಹುಳುವಿಗೆ ಸೊಪ್ಪು ಹಾಕಲು ಜನ ಬಂದರು. ಪಕ್ಕದ ಮನೆಯ ಅಕ್ಕ ಗಂಗಮ್ಮನ ಭಕ್ತೆ, ಅವರೂ ಬಂದರು. ಶಿಡ್ಲಘಟ್ಟದಲ್ಲಿ ನಮ್ಮ ಗೂಡು ಕೊಳ್ಳುತ್ತಿದ್ದ ರೀಲರ್ ಭಾಯ್, ಸುದ್ದಿ ತಿಳಿದು ಒಂದು ದಿನ ಮನೆಗೇ ಬಂದು ಹಣ್ಣು ಕೊಟ್ಟು, ತಮ್ಮ ರೀತಿಯಲ್ಲಿ ದುವಾ ಮಾಡಿ ಹೋದರು.

ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ನೂರು ವರ್ಷಕ್ಕೂ ಹಿಂದೆ ಲಂಡನ್ ಮಿಷನ್‌ನವರು ಶುರು ಮಾಡಿದ್ದು. ಯಜಮಾನರನ್ನು ಅಲ್ಲಿ ಸೇರಿಸಿದ್ದಾಗ ವರಾಂಡದಲ್ಲಿ ಕೂತು ನನಗೆ ಹಿಂದಿನವರ ನೆನಪು ಬರುತ್ತಿತ್ತು. ನಮ್ಮ ಅತ್ತೆಯ ಅಜ್ಜಿ ಧಾತು ಬರದ ಕಥೆ ಹೇಳುತ್ತಿದ್ದರಂತೆ. 1876–78ರ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೇ ಬರಿದಾಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಬಂದಿತ್ತು. ಅಂಥದ್ದನ್ನು ಕಂಡ ಊರುಗಳಲ್ಲಿ ಜನ ಮತ್ತೆ ಉತ್ತರು, ಬಿತ್ತಿದರು, ಶಾಲೆ, ಆಸ್ಪತ್ರೆ ಕಟ್ಟಿದರು. ಭಯ ಅವರಿಗೂ ಇದ್ದೇ ಇತ್ತು.

ಯಜಮಾನರು ಉಳಿಯಲಿಲ್ಲ. ಡಯಾಲಿಸಿಸ್‌ನಲ್ಲಿ ಕೆಲವು ಕಾಲ ಇದ್ದು ತೀರಿಕೊಂಡರು. ಗುಣವಾಗಲಿ ಎಂದು ಅಷ್ಟು ಜನ ಪ್ರಾರ್ಥಿಸಿದ್ದಕ್ಕೆ ಇದು ಉತ್ತರವೋ ಎಂದು ಕೇಳಿದವರಿಗೆ ನನ್ನಲ್ಲಿ ಉತ್ತರವಿಲ್ಲ, ಹುಡುಕಿಯೂ ಇಲ್ಲ. ಸಾಯುವ ಹಿಂದಿನ ವಾರ ಅವರು ಹುಳುಮನೆಯ ಕಿಟಕಿಯ ನೈಲಾನ್ ಬಲೆ ಹರಿದಿದೆ, ಊಜಿ ಬರುತ್ತೆ, ಹೊಲಿಸು ಅಂದಿದ್ದರು. ಮುಂದಿನ ಬೆಳೆಯ ಯೋಚನೆ ಮಾಡುತ್ತಿದ್ದ ಆ ಮನುಷ್ಯನನ್ನು ಭಯ ಗೆದ್ದಿತ್ತು ಎಂದು ನಾನು ಹೇಳಲಾರೆ.

2020ರಲ್ಲಿ ಕೊರೊನಾ ಬಂದು ಮದುವೆಗಳು ನಿಂತವು, ರೇಷ್ಮೆ ಸೀರೆ ಕೊಳ್ಳುವವರಿಲ್ಲದೆ ದರ ಮತ್ತೆ ಬಿತ್ತು. ಆ ಏಪ್ರಿಲ್ 12ರ ಈಸ್ಟರ್ ಮನೆಯಲ್ಲೇ ಆಯಿತು. ಮರುವರ್ಷ ಕ್ರಿಸ್ಮಸ್‌ಗೆ ಸ್ವಲ್ಪ ಮೊದಲು ಬೇರೆ ಬಗೆಯ ಭಯ: ನಮ್ಮ ಜಿಲ್ಲೆಯ ಸೂಸೈಪಾಳ್ಯದ ಸಂತ ಜೋಸೆಫರ ಚರ್ಚ್‌ನಲ್ಲಿ, 160 ವರ್ಷ ಹಳೆಯ ದೇವಾಲಯದಲ್ಲಿ, ಸಂತ ಅಂತೋನಿಯವರ ಪ್ರತಿಮೆಯನ್ನು ಯಾರೋ ಒಡೆದರು. ನಮ್ಮ ಸಭೆಯಲ್ಲಿ ಆ ಸಲ ಬೆಳಗಿನ ಜಾವದ ಆರಾಧನೆ ಬೇಡವೇನೋ ಎಂಬ ಮಾತೂ ಬಂತು. ಸುತ್ತಲಿನವರನ್ನೆಲ್ಲ ಅನುಮಾನದಿಂದ ನೋಡು ಅಂತ ಭಯ ಹೇಳಿಕೊಡುತ್ತದೆ. ಆದರೆ ನನ್ನ ಹುಳುವಿಗೆ ಸೊಪ್ಪು ಹಾಕಿದವರು ಯಾರು ಎಂದು ನನಗೆ ಗೊತ್ತಿತ್ತು. ಆರಾಧನೆ ನಡೆಯಿತು. ಆಮೇಲೆ ಪ್ರತಿ ವರ್ಷದಂತೆ ಪಕ್ಕದ ಮನೆಯ ಅಕ್ಕನಿಗೆ ಕಜ್ಜಾಯ, ಕರ್ಜಿಕಾಯಿ ಕೊಟ್ಟು ಬಂದೆ. ಯುಗಾದಿಗೆ ಅವರ ಮನೆಯ ಒಬ್ಬಟ್ಟು ನಮ್ಮಲ್ಲಿಗೆ ಬಂತು.

ಈಗ ಮಗ ಸೊಪ್ಪಿನ ತೋಟ ನೋಡಿಕೊಳ್ಳುತ್ತಾನೆ, ನೂರು ಮೊಟ್ಟೆ ಸಾಕುತ್ತೇವೆ. ಸಾಲ ಇನ್ನೂ ಸ್ವಲ್ಪ ಇದೆ.

ಸಭೆಯ ಹಿರಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಲ್ಲಿ ಬೆಳೆ ಹೋದ ಮನೆ, ಬೋರ್ ಫೇಲಾದ ಮನೆ ಯಾವುದು ಎಂದು ನಿಮಗೆ ಗೊತ್ತಿರುತ್ತದೆ. ಅವರು ಭಾನುವಾರ ಬರಲಿಲ್ಲ ಎಂದು ಕಾರಣ ಕೇಳುವ ಮೊದಲು ಒಂದು ಸಂಜೆ ಅವರ ಮನೆಗೆ ಹೋಗಿ. ಉಪದೇಶ ಬೇಡ, ಕಾಣಿಕೆಯ ಮಾತು ಬೇಡ. ಸಾಲ ಎಷ್ಟಿದೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಕೂತಿರಿ. ಮರುದಿನ ಅವರ ಕೆಲಸಕ್ಕೆ ಒಬ್ಬರನ್ನಾದರೂ ಕಳಿಸಿ.