ಕೆಮ್ಮೆಂಬ ಕಾವಲುಗಾರ

ಕೆಮ್ಮು ತಾನೇ ಒಂದು ರೋಗವಲ್ಲ. ಅದು ದೇಹವು ನೀಡುವ ಒಂದು ಸೂಚನೆ. ಶ್ವಾಸಮಾರ್ಗವನ್ನು ಕಾಯಲು ಪ್ರಕೃತಿಯು ನೇಮಿಸಿದ ಕಾವಲುಗಾರನೆಂದು ಅದನ್ನು ಕರೆಯಬಹುದು. ಧೂಳು, ಹೊಗೆ ಅಥವಾ ಕಫವು ಶ್ವಾಸನಾಳದ ಒಳಪೊರೆಯನ್ನು ಕೆಣಕಿದೊಡನೆ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮನುಷ್ಯನು ಆಳವಾಗಿ ಉಸಿರೆಳೆದುಕೊಳ್ಳುತ್ತಾನೆ. ಧ್ವನಿಪೆಟ್ಟಿಗೆಯ ಬಾಗಿಲು ಕ್ಷಣಕಾಲ ಮುಚ್ಚುತ್ತದೆ. ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಬಿಗಿಯುತ್ತವೆ. ಬಾಗಿಲು ತೆರೆದಾಗ ಗಾಳಿಯು ರಭಸದಿಂದ ನುಗ್ಗಿ, ಬೇಡವಾದುದನ್ನು ಹೊರದೂಡುತ್ತದೆ.

ನೆಗಡಿಯೊಡನೆ ಬಂದ ಕೆಮ್ಮು ಸಾಮಾನ್ಯವಾಗಿ ದಿನಗಳು ಕಳೆದಂತೆ ತಾನಾಗಿಯೇ ತಗ್ಗುತ್ತದೆ. ಅದಕ್ಕೆ ವಿಶ್ರಾಂತಿ ಮತ್ತು ಬೆಚ್ಚನೆಯ ಪಾನೀಯಗಳೇ ಬಹುಮಟ್ಟಿಗೆ ಸಾಕು. ಆದರೆ ಕಾವಲುಗಾರನು ವಾರಗಟ್ಟಲೆ ಕೂಗುತ್ತಲೇ ಇದ್ದರೆ ಮನೆಯವರು ಎಚ್ಚೆತ್ತುಕೊಳ್ಳಲೇಬೇಕು. ಎರಡು ವಾರ ಮೀರಿದ ಕೆಮ್ಮು ಕ್ಷಯದ ಲಕ್ಷಣವಾಗಿರಬಹುದು. ಈ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಜಗತ್ತಿಗೆ ತಿಳಿಸಿದನು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಯಾಯಿತು. ಹಳ್ಳಿಗರು ಕೆಮ್ಮನ್ನು ಲೆಕ್ಕಿಸುವುದಿಲ್ಲವೆಂದು ಭಾವಿಸುವುದು ಸುಲಭ. ಈ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ರೋಗಿಗಳನ್ನು ಕಂಡು ವಿಚಾರಿಸಿದಾಗ ಬೇರೆಯೇ ಸತ್ಯವು ಹೊರಬಿದ್ದಿತು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಬಹುಮಂದಿ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಆದರೆ ಅವರಲ್ಲಿ ಅನೇಕರು ರೋಗವೇನೆಂದು ತಿಳಿಯದೆ, ಕೆಮ್ಮಿನ ಔಷಧದ ಸೀಸೆಯೊಡನೆ ಹಿಂದಿರುಗಿದ್ದರು. ರೋಗಿಯು ಬಾಗಿಲು ತಟ್ಟಿದ್ದನು. ಒಳಗಿದ್ದವರು ಅದರ ಅರ್ಥವನ್ನು ಗ್ರಹಿಸಿರಲಿಲ್ಲ. ಆದುದರಿಂದ ವೈದ್ಯರ ಬಳಿಗೆ ಹೋದವರು ಕೆಮ್ಮು ಎಂದಷ್ಟೇ ಹೇಳಿದರೆ ಸಾಲದು. ಅದು ಎಷ್ಟು ದಿನಗಳಿಂದ ಇದೆಯೆಂಬುದನ್ನೂ ಹೇಳಬೇಕು.

ಕೆಲವು ಲಕ್ಷಣಗಳು ಕಂಡಾಗ ಎರಡು ವಾರ ಕಾಯುವುದೂ ತಪ್ಪು. ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಇಳಿಯದ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ಕುಗ್ಗುವ ತೂಕ ಇವೇ ಆ ಲಕ್ಷಣಗಳು. ಕೆಮ್ಮುವ ಮಗುವು ವೇಗವಾಗಿ ಉಸಿರಾಡುತ್ತಿದ್ದರೆ ಅಥವಾ ಉಸಿರೆಳೆದಾಗ ಅದರ ಪಕ್ಕೆಗಳು ಒಳಸೇದಿಕೊಂಡರೆ ಅದು ನ್ಯುಮೋನಿಯಾ ಆಗಿರಬಹುದು. ಆಗ ಒಂದು ಗಳಿಗೆಯೂ ತಡಮಾಡಲಾಗದು.

ಕ್ಷಯದ ಕಫಪರೀಕ್ಷೆ ಮತ್ತು ಔಷಧಗಳು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆಯಿಂದ ರೋಗವು ಗುಣವಾಗುತ್ತದೆ. ಕೆಮ್ಮು ನಿಂತಿತೆಂದು ಔಷಧವನ್ನು ನಡುವೆಯೇ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಮಣಿಯದಂತಾಗಬಹುದು.

ಕ್ಷಯವೆಂದರೆ ಅವಮಾನವೆಂದು ಬಗೆದು ಕೆಮ್ಮನ್ನು ಮರೆಮಾಚಿದವರು ತಮಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಕೇಡು ತಂದುಕೊಳ್ಳುತ್ತಾರೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿಯನ್ನೆತ್ತುವ ಸ್ಥಿತಿ ಬರಬಾರದು. ಮನೆಯಲ್ಲಿ ಹಿರಿಯರೊಬ್ಬರು ಬಹುದಿನಗಳಿಂದ ಕೆಮ್ಮುತ್ತಿದ್ದರೆ, ದಿನಗಳನ್ನು ಎಣಿಸಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ಶಾಲೆಗೆ ಹೋಗುವ ಮಗುವೂ ಮಾಡಬಲ್ಲದು.